ಡೆಸ್ಕ್‌ಟಾಪಿಗೆ ಅಮ್ಮ ಹೊಲಿದ ಅಂಗಿ

ಮನೆಯ ಮುಂದಿನ ಕೋಣೆ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಡುಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ದಿನವಿಡೀ ನಿಂತೇ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೀಯಂತೆ, ಕೂರಲು ಒಂದು ಕುರ್ಚಿಯೂ ಇಲ್ಲವಂತೆ. ನನ್ನ ಫೋನ್ ನೀನು ಎತ್ತುವುದಿಲ್ಲವಾದ್ದರಿಂದ ನಿನ್ನ ಸುದ್ದಿಯೆಲ್ಲ ನನಗೆ ಅಮ್ಮನ ಬಾಯಿಂದಲೇ ಬರಬೇಕು, ಅದೂ ಅರ್ಧಂಬರ್ಧ. ಸೊರಗಿದ್ದೀಯ ಎಂದಳು. ನಾನು ನಂಬಲಿಲ್ಲ, ಸೊರಗಿದರೆ ನಿನ್ನನ್ನು ಕರೆಯಲು ಬೇರೆ ಹೆಸರು ಹುಡುಕಬೇಕಾಗುತ್ತದೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆಂದು ಬರೆಯುವುದು ರೂಢಿ. ನಿಜ ಹೇಳಬೇಕೆಂದರೆ ಗುರುವಾರದಿಂದ ಈ ಪತ್ರವನ್ನು ಬರೆಯುತ್ತ ಹರಿಯುತ್ತ ಇದ್ದೇನೆ.

ಒಂದು ಆಸ್ಪತ್ರೆಯ ಹೊಸ ಕಟ್ಟಡದ ಕೆಲಸ ಬಂದಿದೆ. ಕಟ್ಟುವ ಮೊದಲೇ ಒಳಗೆಲ್ಲ ಹೇಗೆ ಕಾಣುತ್ತದೆಂದು ಹನ್ನೆರಡು ಚಿತ್ರ ಮಾಡಿಕೊಡಬೇಕು. ನನ್ನ ಲ್ಯಾಪ್‌ಟಾಪೊಂದರಿಂದ ಆಗುವ ಮಾತಲ್ಲ ಎಂದು, ನೀನು ಹೋದ ಮೇಲೆ ನಾಲ್ಕು ತಿಂಗಳಿಂದ ಯಾರೂ ಮುಟ್ಟದ ನಿನ್ನ ಡೆಸ್ಕ್‌ಟಾಪನ್ನು ಚಾಲೂ ಮಾಡಿದೆ. ಎರಡಕ್ಕೂ ಒಂದೇ ಫೈಲು ಹಾಕಿದೆ, ಅದೇ ಕಾರಿಡಾರು, ಅದೇ ಕಿಟಕಿಯ ಬೆಳಕು. ಮಷೀನು ತಾನೇ ಚಿತ್ರ ಬಿಡಿಸಿ ಮುಗಿಸಲೆಂದು ಎರಡಕ್ಕೂ ಒಟ್ಟಿಗೇ ಶುರುಹಚ್ಚಿ ಚಹಾ ಮಾಡಲು ಹೋದೆ. ಯಾವುದು ಗೆಲ್ಲುತ್ತದೆಂದು ನನಗೆ ಅನುಮಾನವೇ ಇರಲಿಲ್ಲ. ಕೊಳ್ಳುವಾಗ ಅಂಗಡಿಯವನು ಹೇಳಿದ್ದು ನಿನಗೂ ನೆನಪಿರಬೇಕು: "ಲ್ಯಾಪ್‌ಟಾಪ್ ಓಡಾಟಕ್ಕೆ ಮೇಡಂ, ದುಡಿಮೆಗೆ ಡೆಸ್ಕ್‌ಟಾಪೇ ಸೈ. ಎರಡರಷ್ಟು ಕೆಲಸ ಎಳೆಯುತ್ತೆ." ಆ ಮಾತನ್ನು ನಾನು ಬಲವಾಗಿ ಹಿಡಿದುಕೊಂಡಿದ್ದೆ. ಅದಕ್ಕೇ, ಲ್ಯಾಪ್‌ಟಾಪಿನಲ್ಲಿ ನಾನು ಒಂದು ದಿನಕ್ಕೆ ಮುಗಿಸುವ ಚಿತ್ರಕ್ಕೆ ಆ ದೊಡ್ಡ ಮಷೀನಿನ ಮುಂದೆ ಕೂತ ನಿನಗೆ ಎರಡು ದಿನ ಹಿಡಿದಾಗ ನನ್ನ ತೀರ್ಮಾನ ಸರಳವಾಗಿತ್ತು. ಮಷೀನು ಎರಡು ಪಟ್ಟು ಚುರುಕು, ಕೆಲಸ ಎರಡು ಪಟ್ಟು ನಿಧಾನ, ಅಂದಮೇಲೆ ತಪ್ಪು ಕೂತವನದೇ.

ಲ್ಯಾಪ್‌ಟಾಪ್ ನಲವತ್ತು ನಿಮಿಷಕ್ಕೆ ಮುಗಿಸಿತು. ಡೆಸ್ಕ್‌ಟಾಪ್ ತೆಗೆದುಕೊಂಡದ್ದು ಒಂದು ಗಂಟೆ ಮೂವತ್ತೈದು ನಿಮಿಷ. ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ ಕಣೋ! ಮೌಸನ್ನು ಯಾರೂ ಮುಟ್ಟಿರಲಿಲ್ಲ. ನಾನೇ ಏನೋ ಎಡವಟ್ಟು ಮಾಡಿರಬೇಕೆಂದು ಮತ್ತೊಮ್ಮೆ ಹಾಕಿದೆ. ಈ ಸಲ ಒಂದು ಗಂಟೆ ನಲವತ್ತು ನಿಮಿಷವಾಯಿತು.

ಮಧ್ಯಾಹ್ನ ರಿಪೇರಿಯವರು ಬಂದರು. ಮೇಜಿನ ಕೆಳಗೆ ಬಗ್ಗಿ ನೋಡಿ, "ಇದೇನು ಮೇಡಂ, ಕಂಪ್ಯೂಟರಿಗೆ ಸ್ವೆಟರ್ ಹಾಕಿದ್ದೀರಲ್ಲ?" ಎಂದರು. ಅಮ್ಮನ ಹೊದಿಕೆಗಳ ಕಥೆ ನಿನಗೆ ಗೊತ್ತೇ ಇದೆ. ರಿಮೋಟಿಗೊಂದು, ಮಿಕ್ಸಿಗೊಂದು, ಸ್ಟೂಲಿನ ನಾಲ್ಕು ಕಾಲಿಗೂ ಕಾಲುಚೀಲ. ಗೋಡೆ ಕೆರೆದು ಬಣ್ಣ ಬಳಿಸಿದಾಗ ಧೂಳು ಕೂರಬಾರದೆಂದು ಆ ಡಬ್ಬಕ್ಕೂ ಹತ್ತಿ ತುಂಬಿದ ದಪ್ಪ ಅಂಗಿ ಹೊಲಿದಳು. ಮುಂದೆ ಗುಂಡಿಗೊಂದು ತೂತು, ಹಿಂದೆ ವೈರುಗಳಿಗೊಂದು ತೂತು, ಸುತ್ತ ಲಾಡಿ. ಗಾಳಿ ಹೋಗುವ ಜಾಲರಿಯೆಲ್ಲ ಅದರೊಳಗೆ. "ಬಿಸಿ ಜಾಸ್ತಿಯಾದ್ರೆ ಸುಟ್ಟುಹೋಗಬಾರದು ಅಂತ ಇದು ತಾನಾಗೇ ನಿಧಾನ ಆಗುತ್ತೆ ಮೇಡಂ. ಲ್ಯಾಪ್‌ಟಾಪಿಗಿಂತ ಇದು ಜೋರಾಗಿ ಓಡೋದೇ ಒಳಗೆ ಗಾಳಿಯಾಡೋಕೆ ಜಾಗ ಇರೋದ್ರಿಂದ. ಆ ಗಾಳೀನೇ ಕಟ್ಟಿಹಾಕಿದ್ದೀರಿ" ಎಂದರು. ಲಾಡಿ ಬಿಚ್ಚಿ, ಫ್ಯಾನಿನ ಧೂಳು ತೆಗೆದು, ಅದೇ ಫೈಲನ್ನು ಮತ್ತೆ ಹಾಕಿದರು. ಹತ್ತೊಂಬತ್ತು ನಿಮಿಷ. ನನ್ನ ಲ್ಯಾಪ್‌ಟಾಪಿಗೆ ಹಿಡಿದದ್ದರ ಅರ್ಧವೂ ಇಲ್ಲ! ನಾನು ದಂಗಾಗಿ ಗೋಡೆ ಹಿಡಿದು ನೆಲದ ಮೇಲೇ ಕೂತುಬಿಟ್ಟೆ. ಅವರಿಗೆ ಏನನ್ನಿಸಿತೋ, "ಮಷೀನಿಗೆ ಏನೂ ಆಗಿಲ್ಲ, ಹೆದರಬೇಡಿ" ಎಂದು ನನಗೆ ಸಮಾಧಾನ ಹೇಳಿದರು.

ನೀನು ಹೇಳಿದ್ದೆ, ಒಂದೆರಡು ಸಲವಲ್ಲ. "ಅಕ್ಕಾ, ಮುಟ್ಟಿದ್ರೆ ಕೈ ಸುಡುತ್ತೆ" ಎಂದಿದ್ದೆ. ಎರಡು ಬಾರಿ ಆ ಅಂಗಿ ಬಿಚ್ಚಿಯೂ ಇಟ್ಟೆ. ಎರಡು ಬಾರಿಯೂ ಅಮ್ಮ ಮುಖ ಊದಿಸಿಕೊಂಡಳು, ನಾನೇ ಹೋಗಿ ಲಾಡಿ ಕಟ್ಟಿದೆ. "ಅಮ್ಮ ಕಣ್ಣು ನೋಯಿಸ್ಕೊಂಡು ಹೊಲಿದಿದ್ದಾಳೆ, ನೀನು ನೆಪ ಹುಡುಕ್ಬೇಡ" ಎಂದವಳೂ ನಾನೇ. ಕೊನೆಗೆ ಚಿತ್ರ ತಡವಾಯಿತೆಂದು ಕೇಳಲು ಬಂದ ಆ ಬಿಲ್ಡರ್ ಎದುರಿಗೇ, "ಅಷ್ಟು ದೊಡ್ಡ ಮಷೀನ್ ಕೊಟ್ಟಿದ್ದೀನಿ, ಕೈಯಲ್ಲೇ ಹುರುಪಿಲ್ಲದಿದ್ರೆ ಯಾರೇನು ಮಾಡೋಕಾಗುತ್ತೆ?" ಎಂದೆ. ನೀನು ಫೈಲು ಸೇವ್ ಮಾಡಿ, ನಿನ್ನ ಲೋಟ ತೊಳೆದಿಟ್ಟು ಹೋದೆ. ಬಾಗಿಲನ್ನು ದಡಾರನೆ ಹಾಕಿಕೊಂಡು ಹೋಗಿದ್ದರೂ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೊನ್ನೆ ಅಮ್ಮನ ಹತ್ತಿರ "ನನ್ನ ನಿಧಾನಕ್ಕೆ ಚೀಟಿ ಅಂಟಿಸೋ ಕೆಲಸಾನೇ ಸರಿ" ಎಂದೆಯಂತೆ. ಡುಮ್ಮಾ, ನೀನು ನಿಧಾನವಲ್ಲ ಕಣೋ. ಉಸಿರುಕಟ್ಟಿದ ಮಷೀನಿನಲ್ಲಿ ಒಂದೂವರೆ ವರ್ಷ ಅಷ್ಟು ಕೆಲಸ ತೆಗೆದವನು ನನಗಿಂತ ಎಷ್ಟೋ ಚುರುಕು. ತಪ್ಪು ನನ್ನದು. ಈ ಎರಡು ಪದ ಬರೆಯಲು ನನಗೆ ಮೂರು ದಿನ ಬೇಕಾಯಿತು, ನಿಧಾನ ಯಾರೆಂದು ನೀನೇ ನೋಡು.

ಅಮ್ಮನಿಗೆ ಹೇಳಬಾರದೆಂದುಕೊಂಡಿದ್ದೆ, ಆದರೆ ಅವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕತ್ತರಿ ತಂದು ಮಿಕ್ಸಿಯದು, ರಿಮೋಟಿನದು, ಸ್ಟೂಲಿನದು ಎಲ್ಲ ಕತ್ತರಿಸಿ ರಾಶಿ ಹಾಕಿದಳು. "ನನ್ನ ಮಗನಿಗೆ ನಾನೇ..." ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸುತ್ತಾಳೆ. ಅವಳ ಮೇಲೆ ಸಿಟ್ಟಾಗಬೇಡ, ಇರುವ ಸಿಟ್ಟೆಲ್ಲ ನನ್ನ ಮೇಲಿರಲಿ.

ನಿನ್ನ ಕುರ್ಚಿಗೆ ಯಾರನ್ನೂ ತಂದಿಲ್ಲ. ಬಾ ಎನ್ನಲು ನನಗೆ ಮುಖವಿಲ್ಲ, ಆದರೂ ಬಾ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ತಲೆ ನೇವರಿಸಿದೆನೆಂದು ಬರೆ ಎಂದು ಅಮ್ಮ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾಳೆ, ಬರೆದಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಮರೆತಿದ್ದೆನೆಂದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಮ್ಮ ಈಗ ಒಳಗೆ ಹೋದಳು. ಸೇತುವೆಗಳ ನಕ್ಷೆ ಮಾಡುವ ಆ ಆಫೀಸಿನವರು ನಿನ್ನನ್ನು ತೆಗೆದುಕೊಳ್ಳುತ್ತೇವೆಂದು ಹೇಳಿ ಆಮೇಲೆ ಸುಮ್ಮನಾದರಲ್ಲ, ಅದಕ್ಕೂ ಮೊದಲು ನನಗೆ ಫೋನ್ ಮಾಡಿ ವಿಚಾರಿಸಿದ್ದರು. "ಹುಡುಗ ಒಳ್ಳೆಯವನು, ಆದ್ರೆ ಬಲು ನಿಧಾನ" ಎಂದಿದ್ದೆ. ಶುಕ್ರವಾರ ನಾನೇ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಪಾಪ, ತಾಳ್ಮೆಯಿಂದ ಕೇಳಿದರು. ಆ ಜಾಗಕ್ಕೆ ಬೇರೆಯವರು ಬಂದು ಮೂರು ತಿಂಗಳಾಯಿತಂತೆ.