ಕಪ್ಪೆಯ ಕುಂದುಕೊರತೆಗಳು

ಮಾರ್ಚ್ 3, ಮಂಗಳವಾರ

ಹಲ್ಲಿನ ಲ್ಯಾಬಿನಲ್ಲಿ ಇವತ್ತು ಏಳು ದವಡೆ. ಮೇಲಿನವು ನಾಲ್ಕು, ಕೆಳಗಿನವು ಮೂರು. ಕಟ್ಟಿದ ಹಲ್ಲು ಊರವರಿಗೆ, ಅಚ್ಚಿನ ಪುಡಿಯ ಕೆಮ್ಮು ನನಗೆ. ಸರಿಯಾದ ಪಾಲು.

ಸಂಜೆ ಬಸ್ ಇಳಿದು ಕುಂಟುತ್ತ ಬರುವಾಗ, ಹಳೇ ಕಾರು ಮಾರುವವರ ಅಂಗಳದಲ್ಲಿ — ಕಪ್ಪೆ.

ತಮ್ಮನ ಕಪ್ಪೆ. ನಿಂಬೆಹಳದಿ ಬಣ್ಣ, ಎರಡೇ ಬಾಗಿಲು, ಕಪ್ಪು ಗಾಜು, ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಭಂಗಿ. ಹೆಸರಿಟ್ಟವನು ನಾನೇ. ಲೇತ್ ಮಷೀನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವನು, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು, ಮದುವೆ ಹೆಣ್ಣಿಗೆ ಮಾಡುವಷ್ಟು ಅಲಂಕಾರ ಮಾಡಿದ. ಹಿಂದೆ ರೆಕ್ಕೆ. ಅಗಲ ಚಕ್ರ. ಸದ್ದಡಗಿಸುವ ಬದಲು ಸದ್ದೆಬ್ಬಿಸುವ ಸೈಲೆನ್ಸರ್. ಅವನು ಬೀದಿಯ ತಿರುವಿಗೆ ಬಂದರೆ ನಮ್ಮ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು.

ಕಾಯಿಲೆ ಬಿದ್ದ ಮೇಲೆ ಆ ತಗ್ಗಿನ ಸೀಟಿನಿಂದ ಏಳಲಾಗದೆ ಮಾರಿದ. ನಾಲ್ಕು ತಿಂಗಳಿಗೆ ಹೋದ. ಅದಕ್ಕೀಗ ಒಂಬತ್ತು ತಿಂಗಳು.

ಬಾಗಿಲಿನ ಗೀಚು ಹಾಗೇ ಇದೆ. ನನ್ನ ಊರುಗೋಲಿನದು.

ನೋಡಿ ಬಂದೆ, ಅಷ್ಟೆ. ವಯಸ್ಸು ಐವತ್ತೆಂಟು. ಎಡಗಾಲು ಎರಡನೇ ವರ್ಷಕ್ಕೇ ಕೆಲಸಕ್ಕೆ ರಾಜೀನಾಮೆ ಕೊಟ್ಟಿದೆ. ಡ್ರೈವಿಂಗ್ ಬರದು. ಕಾರು ಕೊಳ್ಳಲು ಇನ್ನೇನು ಅರ್ಹತೆ ಬೇಕು?

ಮಾರ್ಚ್ 4, ಬುಧವಾರ

ಹೋದೆ. ಸುಮ್ಮನೆ.

ಮಾರುವವನಿಗೆ ನೆರಳಲ್ಲೂ ಕಪ್ಪು ಕನ್ನಡಕ. "ಮಗನಿಗಾ ಸರ್?"

"ನನಗೇ."

ಕನ್ನಡಕ ನನ್ನ ಕಾಲು ನೋಡಿತು, ಊರುಗೋಲು ನೋಡಿತು, ಕೊನೆಗೆ ವ್ಯಾಪಾರ ನೋಡಿತು. "ಸೂಪರ್ ಸರ್! ಮನಸ್ಸು ಯಂಗ್ ಆಗಿರ್ಬೇಕು."

ತಮ್ಮನದೆಂದು ಹೇಳಲಿಲ್ಲ. ಪಕ್ಕಾ ಗಿರಾಕಿಯ ಹಾಗೆ ಕುಂದು ತೆಗೆಯತೊಡಗಿದೆ. ಆ ವಿದ್ಯೆ ಒಂದು ನನಗೆ ಹುಟ್ಟಿನಿಂದ ಬಂದಿದೆ.

"ಈ ರೆಕ್ಕೆ ಯಾಕ್ರೀ? ಬಟ್ಟೆ ಒಣಗ್ಸೋಕಾ?"

"ಹಿಂದಿನೋರು ಹಾಕ್ಸಿದ್ದು ಸರ್."

"ಎಲ್ಲಿ, ಸ್ಟಾರ್ಟ್ ಮಾಡಿ... ಅಯ್ಯಪ್ಪಾ, ನಿಲ್ಸಿ, ನಿಲ್ಸಿ! ಕಾರೋ, ಹೊಟ್ಟೆನೋವು ಬಂದ ಆನೆಯೋ?"

ನಿಲ್ಲಿಸಲೇಬೇಕಿತ್ತು. ಒಂದು ಕ್ಷಣ ಅವನೇ ಬಂದ ಹಾಗಾಯಿತು.

ಬಾಗಿಲು ತೆಗೆದು ತೋರಿಸಿದ. ಗೇರಿನ ಪಕ್ಕ ಒಂದು ಲಿವರ್. ಅದರ ಹಿಡಿಯ ಬಣ್ಣ ಗುಲಾಬಿ — ಒಸಡಿನ ಗುಲಾಬಿ. ನಮ್ಮ ಲ್ಯಾಬಿನ ಅಕ್ರಿಲಿಕ್! ಕಳ್ಳ, ನನ್ನ ಡಬ್ಬಿಗೇ ಕೈ ಹಾಕಿದ್ದಾನೆ.

"ಇದೇನು?"

"ಯಾವನೋ ರೇಸ್ ಹುಚ್ಚ ಸರ್. ಏನೇನೋ ಸಿಕ್ಕಿಸಿದಾನೆ."

"ಹುಚ್ಚನೇ," ಎಂದೆ.

ಮಾರ್ಚ್ 6, ಶುಕ್ರವಾರ

ತಮ್ಮನ ಹೆಂಡತಿಗೆ ಹೇಳಿದೆ. ಮುಂದಿನ ಕೋಣೆ ನನ್ನದು, ಹಿಂದಿನದು ಅವಳದು. ಒಲೆ ಒಂದೇ.

"ತರಬೇಡಿ ಭಾವ."

"ನೋಡ್ದೆ ಅಂದೆ ಕಣಮ್ಮ, ಅಷ್ಟೇ."

"ನೀವು ಬರೀ ನೋಡೋಕೆ ಹೋದ ಕುರ್ಚಿನೂ ಮನೇಲಿದೆ. ನಂಗೊತ್ತಿಲ್ವಾ."

ನಕ್ಕೆ. ಅವಳು ನಗಲಿಲ್ಲ. "ಆ ಸದ್ದು ತಿರುವಲ್ಲಿ ಕೇಳಿದ್ ಕೂಡ್ಲೇ ಕಾಫಿಗೆ ನೀರಿಡ್ತಿದ್ದೆ. ಅವರು ಇಳಿದು ಒಳಗೆ ಬರೋಷ್ಟರಲ್ಲಿ ಕುದಿ ಬರ್ತಿತ್ತು. ಈಗ್ಲೂ ಆ ಸದ್ದು ಬಂದ್ರೆ ನನ್ ಕೈ ತಾನಾಗೇ ನೀರಿಡತ್ತೆ ಭಾವ. ಆಮೇಲೆ ಯಾರೂ ಇಳಿಯಲ್ಲ."

ಪಾತ್ರೆ ಉಜ್ಜಿದಳು. ಉಜ್ಜಿದ್ದನ್ನೇ ಉಜ್ಜಿದಳು.

ತೀರ್ಮಾನ: ಕೊಳ್ಳುವುದಿಲ್ಲ. ಮುಗಿಯಿತು.

ಮಾರ್ಚ್ 7, ಶನಿವಾರ

ಹೋದೆ.

ರೆಕ್ಕೆ ಇಲ್ಲ!

"ನಿಮಗೋಸ್ಕರ ತೆಗೆಸ್ಬಿಟ್ಟೆ ಸರ್," ಎಂದ ಕನ್ನಡಕ, ಮೊದಲ ರ‍್ಯಾಂಕ್ ಬಂದವನ ಹಾಗೆ.

'ವಾಪಸ್ ಹಾಕ್ರೀ' ಎನ್ನಲು ಬಾಯಿ ತೆರೆದೆ. ಹಾಗೆಂದರೆ ಕಾರಣವನ್ನೂ ಹೇಳಬೇಕು. ಬಾಯಿಂದ ಹೊರಬಿದ್ದದ್ದು — "ಚಕ್ರ ಸ್ವಲ್ಪ ಅಗಲ ಜಾಸ್ತಿ ಆಯ್ತು."

ನಾಲಗೆಗೆ ಎಲುಬಿಲ್ಲ ಅನ್ನುತ್ತಾರೆ. ನನ್ನದಕ್ಕೆ ಬುದ್ಧಿಯೂ ಇಲ್ಲ.

ಮಾರ್ಚ್ 10, ಮಂಗಳವಾರ

ಚಕ್ರ ಹೋಯಿತು. ಸದ್ದೂ ಹೋಯಿತು. ಆನೆಯ ಮಾತನ್ನು ಆತ ಮರೆತಿರಲಿಲ್ಲ. ಸ್ಟಾರ್ಟ್ ಮಾಡಿ ತೋರಿಸಿದ. ಹಾಲು ಕುಡಿದ ಬೆಕ್ಕಿನ ಗುರುಗುರು.

ತಮ್ಮನಿಗೂ ಮಾಡಿದ್ದು ಇದನ್ನೇ. ಏನು ತಂದರೂ ಒಂದು ಕೊಂಕು. ಪ್ರೀತಿಯೆಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಕೊಂಕು ಆಡಿದರೆ ತಿಳಿದುಕೊಳ್ಳಬೇಕು. ಅವನು ತಿಳಿದುಕೊಳ್ಳುತ್ತಿದ್ದ.

ಒಂದು ಸಲ ಬಿಟ್ಟು. ಅವತ್ತು ಭಾನುವಾರ, ಬೀದಿ ತುಂಬ ಜನ. "ಅಣ್ಣಾ, ಬಾ, ಒಂದ್ಸಲ ಡ್ರೈವರ್ ಸೀಟಲ್ಲಿ ಕೂತ್ಕೋ," ಎಂದ. ಮುಖದಲ್ಲಿ ನಗು. ಗೇಲಿ ಅಂದುಕೊಂಡೆ. "ಕುಂಟನ್ನ ಕೂರಿಸಿ ಆಟ ನೋಡ್ತೀಯೇನೋ?" — ಊರುಗೋಲು ಬೀಸಿದೆ. ಬಾಗಿಲಿಗೆ ತಾಗಿತು.

ಅವನು ಗೀಚನ್ನು ಹೆಬ್ಬೆರಳಿನಲ್ಲಿ ಒರೆಸಿ, ಒಳಗೆ ಹೋದ. ಮರುತಿಂಗಳು ಕಾಯಿಲೆ ಗೊತ್ತಾಯಿತು. ಆ ಮಾತನ್ನು ಅವನೂ ಮತ್ತೆ ಎತ್ತಲಿಲ್ಲ, ನಾನೂ...

ಮಾರ್ಚ್ 19, ಗುರುವಾರ, ಸಂಜೆ 6

ಇಷ್ಟು ದಿನ ಒಂದು ಸ್ಟಾಪ್ ಮುಂದೆ ಇಳಿದು, ಸುತ್ತಿಕೊಂಡು ಮನೆಗೆ ಬರುತ್ತಿದ್ದೆ. ತಪ್ಪು ನಾಲಗೆಯದು, ಶಿಕ್ಷೆ ಕಾಲಿಗೆ.

ಇವತ್ತು ತಡೆಯಲಾಗಲಿಲ್ಲ. ಕಪ್ಪೆಯ ಅಡಿಯಿಂದ ಎರಡು ಕಾಲು ಚಾಚಿದ್ದವು — ಮೆಕ್ಯಾನಿಕ್. ಕಳಚಿದ ಲಿವರ್ ಪಕ್ಕದ ರಟ್ಟಿನ ಡಬ್ಬದಲ್ಲಿ.

"ಅದು ರೇಸಿಂದಲ್ಲ ಸರ್," ಅಡಿಯಿಂದಲೇ ಅಂದ. "ಕೈ ಕ್ಲಚ್ಚು. ಎಡಗಾಲು ಆಡ್ದಿರೋರು ಕಾರು ಓಡ್ಸೋಕೆ ಹಾಕ್ಕೊಳ್ಳೋದು. ಯಾರೋ ಪುಣ್ಯಾತ್ಮ ಕೂತು ಕಡೆದಿದಾನೆ ನೋಡಿ, ಅಂಗಡೀಲಿ ಸಿಗೋ ಮಾಲಲ್ಲ."

ಎತ್ತಿಕೊಂಡು ಎಡಗೈಯಲ್ಲಿ ಹಿಡಿದೆ. ನಾಲ್ಕು ಬೆರಳೂ ಹೋಗಿ ತಂತಮ್ಮ ಕುಳಿಯಲ್ಲಿ ಕೂತವು. ನನ್ನ ಸೊಟ್ಟ ಕಿರುಬೆರಳಿಗೂ ಒಂದು ಸೊಟ್ಟ ಕುಳಿ. ಮೂವತ್ತು ವರ್ಷದಲ್ಲಿ ನಾನು ಕಟ್ಟಿದ ಯಾವ ಹಲ್ಲೂ ಯಾವ ಬಾಯಿಗೂ ಹಾಗೆ ಕೂತಿಲ್ಲ.

ತಮ್ಮ ಲ್ಯಾಬಿಗೆ ಬಂದಿದ್ದ ಒಂದು ದಿನ. ಮೇಣದ ಉಂಡೆ ಬಿಸಿ ಮಾಡಿ, "ಅಣ್ಣಾ, ಇದನ್ನ ಎಡಗೈಲಿ ಹಿಸುಕು. ಬೆಟ್ ಕಟ್ಟಿದೀನಿ."

"ಯಾರ ಹತ್ರ? ಏನಂತ?"

"ಹಿಸುಕಣ್ಣಾ ಅಂದ್ರೆ!"

ಹಿಸುಕಿಕೊಟ್ಟೆ. ಮೇಣ ದಂಡ ಅಂತ ಬೈದು ಕಳಿಸಿದೆ.

ಮಾರ್ಚ್ 20, ಶುಕ್ರವಾರ

ಲಿವರನ್ನು ಮನೆಗೆ ತಂದು ತಮ್ಮನ ಹೆಂಡತಿಯ ಮುಂದೆ ಇಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಮುಟ್ಟಿದಳು.

"ಇದು ನಿಮಗೆ ಗೊತ್ತೇ ಇರ್ಲಿಲ್ವಾ ಭಾವ?"

"ನಿಂಗೆ ಗೊತ್ತಿತ್ತಾ?"

"ಆ ಭಾನುವಾರ ನಿಮಗೆ ತೋರಿಸ್ತೀನಿ ಅಂತ ಬೆಳಿಗ್ಗೆಯಿಂದ ಕುಣೀತಿದ್ರು. ಒಳಗೆ ಬಂದು 'ಅಣ್ಣಂಗೆ ಇಷ್ಟ ಆಗ್ಲಿಲ್ಲ ಕಣೇ' ಅಂದ್ರು. ನೀವೇ ನೋಡಿ ಬೇಡ ಅಂದ್ರಿ ಅಂತ ನಾನು..."

ಇಷ್ಟು ದಿನ ಅವಳು ಹಾಗೆ ತಿಳಿದುಕೊಂಡೇ ನನಗೆ ಊಟ ಬಡಿಸಿದ್ದಾಳೆ.

ಹಿಡಿಯ ಕುಳಿಗಳ ಮೇಲೆ ಬೆರಳಾಡಿಸುತ್ತ ಕೇಳಿದಳು. "ಈಗ ಅದಕ್ಕೆ ಸದ್ದಿಲ್ವಾ?"

"ಇಲ್ಲ. ಬೆಕ್ಕಿನ ಹಾಗಿದೆ."

"ಹಾಗಾದ್ರೆ ತನ್ನಿ. ಇದನ್ನ ವಾಪಸ್ ಹಾಕಿಸ್ಕೊಂಡು ತನ್ನಿ. ಸದ್ದೊಂದು ಇಲ್ದಿದ್ರೆ ತಡ್ಕೋತೀನಿ."

ಮಾರ್ಚ್ 21, ಶನಿವಾರ

"ತೆಗೆಸಿದ್ದನ್ನ ಮತ್ತೆ ಹಾಕ್ಸೋದಾ?" ಕನ್ನಡಕನಿಗೆ ತಲೆಬುಡ ತಿಳಿಯಲಿಲ್ಲ.

"ಆ ರೇಸ್ ಹುಚ್ಚ ನನ್ನ ತಮ್ಮ ಕಣಪ್ಪ."

ಮೊದಲ ಸಲ ಕನ್ನಡಕ ತೆಗೆದ. ಕಣ್ಣು ಚಿಕ್ಕವು, ಪಾಪ. "ಮೊದ್ಲೇ ಹೇಳ್ಬಾರ್ದಿತ್ತಾ ಸರ್..."

ಅದನ್ನೇ ನಾನೂ ಹದಿನೇಳು ದಿನದಿಂದ ಯೋಚಿಸುತ್ತಿದ್ದೇನೆ.

ರೆಕ್ಕೆ, ಚಕ್ರ ಯಾರಿಗೋ ಹೋಗಿವೆ. ಸೈಲೆನ್ಸರ್ ಇದೆಯಂತೆ. ಬೇಡವೆಂದೆ. ಕಪ್ಪೆಯನ್ನು ಕೊಂಡೆ.

ಏಪ್ರಿಲ್ 12, ಭಾನುವಾರ

ಮೆಕ್ಯಾನಿಕ್ಕೇ ಗುರು, ಅವನ ಶೆಡ್ಡಿನ ಹಿಂದಿನ ಬಯಲೇ ಪಾಠಶಾಲೆ. ಹನ್ನೊಂದು ಸಲ ಇಂಜಿನ್ ಬಂದ್ ಆಯಿತು. "ಮೆಲ್ಲಗೆ ಬಿಡಿ ಸರ್, ಕೈ ಕುಲುಕಿ ಬಿಡೋ ಹಾಗೆ," ಅಂದ.

ಹನ್ನೆರಡನೇ ಸಲ ಕಪ್ಪೆ ಹೊರಟಿತು. ನನ್ನ ಎಡಗೈಯಲ್ಲಿ ಅವನ ಕೆಲಸ. ಕುಲುಕಿ ಬಿಡುವುದು ಅಷ್ಟು ಸುಲಭವೇ?

ಮೇ 17, ಭಾನುವಾರ, ಸಂಜೆ

ಲೈಸೆನ್ಸ್ ಬಂದು ಮೂರು ದಿನ. ಇವತ್ತು ಕಪ್ಪೆಯನ್ನು ಮನೆಗೆ ತಂದೆ. ಒಬ್ಬನೇ. ತಿರುವಿನಲ್ಲಿ ಲೋಟ ನಡುಗಿರಲಾರದು, ಅಷ್ಟು ಸಭ್ಯವಾಗಿ ಬಂದೆ. ಗೇಟಿನ ಮುಂದೆ ನಿಲ್ಲಿಸಿದೆ.

ಅಡುಗೆಮನೆಯ ಕಿಟಕಿಯಿಂದ ತಮ್ಮನ ಹೆಂಡತಿಗೆ ಹಳದಿ ಕಂಡಿರಬೇಕು. ಸದ್ದು ಹೋದರೆ ಸಾಕು ಅಂದುಕೊಂಡಿದ್ದೆವು. ಬಣ್ಣದ ಯೋಚನೆ ಇಬ್ಬರಿಗೂ ಬಂದಿರಲಿಲ್ಲ. ಕಪ್ಪು ಗಾಜಿನದೂ. ನಾನು ಕುಂದು ತೆಗೆಯದೆ ಬಿಟ್ಟದ್ದು ಅವೆರಡನ್ನೇ.

ಬಾಗಿಲಿಗೆ ಬಂದಳು. ಕೈಯಲ್ಲಿ ಇಕ್ಕಳ. ಒಳಗೆ ಒಲೆ ಉರಿಯುತ್ತಿದ್ದದ್ದು ಅವಳ ಹಿಂದೆ ಕಾಣುತ್ತಿತ್ತು. ಕಾರಿನ ಬಾಗಿಲನ್ನೇ ನೋಡುತ್ತ ನಿಂತಳು. ಆ ಮುಖವನ್ನು ಒಂದು ವರ್ಷದಿಂದ ನೋಡಿರಲಿಲ್ಲ.

ಇಳಿಯಲು ನನಗೆ ಹೊತ್ತು ಹಿಡಿಯುತ್ತದೆ. ಮೊದಲು ಊರುಗೋಲು. ಆಮೇಲೆ ಬಲಗಾಲು. ಎಡಗಾಲನ್ನು ಕೈಯಲ್ಲೇ ಎತ್ತಿ ಇಡಬೇಕು. ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಕೂತೇ ಇದ್ದೆ — ಇನ್ನೊಂದು ಕ್ಷಣ, ಇನ್ನೊಂದೇ ಕ್ಷಣ ಅವಳು ಹಾಗೆ ನಿಂತಿರಲಿ ಎಂದು.

ಕೊನೆಗೆ ಬಾಗಿಲು ತೆಗೆದೆ. ಊರುಗೋಲು ಹೊರಗಿಟ್ಟೆ. ಅದು ನೆಲಕ್ಕೆ ತಾಗಿದ್ದೇ ತಡ, ಅವಳು ತಿರುಗಿ ಒಳಗೆ ಹೋಗಿ, ಕಾಫಿಗೆ ನೀರಿಟ್ಟಿದ್ದ ಒಲೆಯನ್ನು ಆರಿಸಿದಳು.