ತೊಟ್ಟಿಲ ಕೋಣೆಗೊಂದು ತಂತಿಯ ದಾರಿ

ಗದಗ, ೨೧೪೬ನೇ ಇಸವಿ, ಫೆಬ್ರವರಿ ೩೧

ಪೂಜ್ಯ ನೀಲಾಂಬಿಕಾ ಅವ್ವನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗನ ಹೆಂಡತಿ ಇಂಚರಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂರು ದಿನ ಸೇರಿಸಿ, ಜನ ನಿದ್ದೆ ಮಾಡಲೆಂದೇ ರಜೆ ಕೊಟ್ಟಿದ್ದಾರೆ. ಐದು ತಿಂಗಳ ಕೂಸಿನ ತಾಯಿಗೆ ಅದರಿಂದ ಏನು ಬಂತು? ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ಅರ್ಧ ತಪ್ಪು ಕಾಲದ್ದು, ಅರ್ಧ ನಿದ್ದೆಗೇಡಿನದು.

ನಿಮ್ಮ ಹೊಸ ಮನೆಗೆ ಈಗ ಗಾರೆ ಹಚ್ಚುವ ತಯಾರಿ ನಡೆದಿರಬೇಕು. ಅದೇ ಮನೆಯಲ್ಲಿ ನಾವಿದ್ದೇವೆ. ನನ್ನ ಮಗಳು ತಾರಿಣಿಯ ತೊಟ್ಟಿಲ ಮೇಲೆ ಒಂದು ಕೇಳುಗೂಡು ತೂಗುತ್ತದೆ. ಕೂಸಿನ ಉಸಿರಿನ ಸದ್ದನ್ನು ನಾನಿರುವಲ್ಲಿಗೆ ತಲುಪಿಸುವ ಪುಟ್ಟ ಚಿಪ್ಪು ಅದು. ಆ ಸದ್ದನ್ನು ಹೊತ್ತು ತರುವುದು ಮಾತ್ರ ನಿಮ್ಮ ಕಾಲದ ವೈಫೈ ಡಬ್ಬಿಗಳೇ: ಪಡಸಾಲೆಯಲ್ಲೊಂದು, ತೊಟ್ಟಿಲ ಕೋಣೆಯಲ್ಲೊಂದು. ಎರಡೂ ಗಾಳಿಯಲ್ಲೇ ಮಾತಾಡಿಕೊಳ್ಳಬೇಕು, ನಡುವೆ ನೀವು ಕಟ್ಟಿಸಿದ ಕಲ್ಲುಗೋಡೆ. ಉಸಿರು ನಡುವೆಯೇ ಕಡಿಯುತ್ತದೆ, ನಾನು ಎದ್ದೆನೋ ಬಿದ್ದೆನೋ ಎಂದು ಓಡುತ್ತೇನೆ. ಹೋಗಿ ನೋಡಿದರೆ ಕೂಸು ಹಾಯಾಗಿ ಮಲಗಿರುತ್ತದೆ. ನನ್ನ ಓಟದ ಸದ್ದಿಗೇ ಏಳುತ್ತದೆ.

ಬಂದವರ ದೃಷ್ಟಿ ತಾಗೀತೆಂದು ನಮ್ಮ ಅತ್ತೆ ಒಳಗಿನ ಡಬ್ಬಿಯನ್ನು ಹಿತ್ತಾಳೆಯ ಕೊಡದ ಹಿಂದೆ ಬಚ್ಚಿಟ್ಟಿದ್ದರು. ಕೊಡ ಸರಿಸಿದೆ, ತುಸು ಸುಧಾರಿಸಿತು. ನನ್ನ ಗಂಡ ನಡುವೆ ಇನ್ನೊಂದು ಡಬ್ಬಿ ತಂದಿಟ್ಟರು. ಅದು ಅರ್ಧ ಕೇಳಿಸಿಕೊಂಡು ಅರ್ಧವನ್ನೇ ದಾಟಿಸಿತು. ಡಬ್ಬಿಯಿಂದ ಡಬ್ಬಿಗೆ ತಂತಿ ಎಳೆದರೆ ಮುಗಿಯಿತು, ಆದರೆ ಹಳೆಯ ಕಲ್ಲು ಕೊರೆಯಲು ಈಗ ಅನುಮತಿಯಿಲ್ಲ.

ಹೀಗಾಗಿ ಹಿಂದಂಚೆಯಲ್ಲಿ ನಿಮಗೆ ಈ ಪತ್ರ. ಹಿಂದಿನ ಕಾಲಕ್ಕೆ ಒಂದು ಮನೆತನ ಒಂದೇ ಪತ್ರ ಬರೆಯಬಹುದು. ಅತ್ತೆಗೆ ತಡೆಯಲಾಗಲಿಲ್ಲ: "ಮಂದಿ ಬಂಗಾರ ತಗೊಂಡಿಡ್ರಿ ಅಂತ ಬರೀತಾರ, ನೀ ತಂತಿ ಎಳೀರಿ ಅಂತ ಬರಿಯಾಕತ್ತೀಯಲ್ಲ! ಛಲೋ ಸೊಸಿ ಸಿಕ್ಕಿ ನಮಗ!"

"ಬಂಗಾರ ಬಂದ್ರ ನಿದ್ದಿ ಬರ್ತೈತೇನ್ರೀ, ಅತ್ತಿ?" ಎಂದೆ. ಕೂಸನ್ನು ಎತ್ತಿಕೊಂಡು ನಕ್ಕರು.

ಅವ್ವಾ, ಗಾರೆ ಹಚ್ಚುವ ಮೊದಲು ಪಡಸಾಲೆಯಿಂದ ತೊಟ್ಟಿಲ ಕೋಣೆಗೆ ಒಂದು ಖಾಲಿ ಪೈಪು ಹಾಕಿಸಿ. ಕರೆಂಟಿನ ಪೈಪು ಬೇರೆ, ಇದು ಬೇರೆ. ನಿಮ್ಮ ಕೇಬಲ್ ನಮ್ಮ ಕಾಲಕ್ಕೆ ಆಗಿಬರಲಿಕ್ಕಿಲ್ಲ. ಪೈಪಿನೊಳಗೆ ಒಂದು ಗಟ್ಟಿ ನೈಲಾನ್ ದಾರವನ್ನಷ್ಟೇ ಹಾಯಿಸಿಡಿ, ಅದಕ್ಕೆ ಕಟ್ಟಿ ನಮ್ಮದನ್ನು ಎಳೆದುಕೊಳ್ಳುತ್ತೇವೆ. ದಾರ ಒಳಗೆ ಜಾರದಂತೆ ತುದಿಗೆ ಏನಾದರೂ ಕಟ್ಟಿ. ಮೇಸ್ತ್ರಿ "ಯಾಕ್ರೀ ಇದೆಲ್ಲ, ವೈಫೈ ಐತಲ್ಲ" ಅಂದಾನು. ಒಪ್ಪಬೇಡಿ.

ಲಕೋಟೆ ಅಂಟಿಸುವ ಮೊದಲು ಇಷ್ಟು: ತಡೆಯಲಾಗದೆ ತೊಟ್ಟಿಲ ಹಿಂದಿನ ಗಾರೆಯನ್ನು ಚಮಚದಿಂದ ಕೆರೆದೆ. ಪೈಪಿನ ಬಾಯಿ ಸಿಕ್ಕಿತು, ದಾರ ಸಿಕ್ಕಿತು. ಅದರ ತುದಿಗೊಂದು ಹಸಿರು ಬಳೆ. ನನ್ನ ಗಂಡ ದಾರಕ್ಕೆ ಕಟ್ಟಿ ತಂತಿ ಎಳೆದರು. ಪಡಸಾಲೆಯಲ್ಲಿ ಕೂತು ತಾರಿಣಿಯ ಉಸಿರು ಕೇಳುತ್ತಿದ್ದೇನೆ, ಒಮ್ಮೆಯೂ ಕಡಿದಿಲ್ಲ.

ಆದರೂ ಪತ್ರವನ್ನು ಹಾಕಿಯೇ ಮಲಗುತ್ತೇನೆ. ಇಲ್ಲದಿದ್ದರೆ ನಿಮಗೆ ಗೊತ್ತಾಗುವುದಾದರೂ ಹೇಗೆ?

ನಿಮ್ಮ ಸೊಸೆ,
ಇಂಚರಾ