ರೈನ್‌ಹೋಲ್ಟ್‌ನ ಬದುಕು ಓದುವವರು

ಫ್ರೀಡಮ್, ನೆಬ್ರಾಸ್ಕಾ
14 ಮಾರ್ಚ್ 1920

ಮಗಳೇ ಎಲ್ಸ್‌ಬೆತ್,

ನೀನು, ಅಳಿಯ ವಾಲ್ಟರ್, ಪುಟ್ಟ ಡೊರಥಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆಂದು ಬೇಸರಿಸಬೇಡ. ಇನ್ನು ಮುಂದೆ ಇಂಗ್ಲಿಷಿನಲ್ಲೇ ಬರೆಯಮ್ಮ ಎಂದು ಕೇಳಿದ್ದೆಯಲ್ಲ, ಪ್ರಯತ್ನಪಟ್ಟೆ. ಬರೆದದ್ದನ್ನು ಓದಿ ನೋಡಿದರೆ ಬೀಜದ ಅಂಗಡಿಗೆ ಬರೆದ ಹಾಗಿತ್ತು: ಚಳಿ ಬಹಳ, ಹಸು ಕರು ಹಾಕಿತು, ನಿಮಗೆ ವಂದನೆ. ಒಲೆಗೆ ಹಾಕಿದೆ. ಹಾಗಾಗಿ ಇದು ನಮ್ಮ ಜರ್ಮನ್‌ನಲ್ಲೇ ಇದೆ. ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ ಶಾಲೆಗೆ ಹೊಸದಾಗಿ ಬಂದಿರುವ ಟೀಚರಿಂದ ಬರೆಸಿದ್ದೇನೆ. ಜರ್ಮನ್ ಮನೆಯ ಕಾಗದವೆಂದು ನಿನ್ನ ಬಾಡಿಗೆ ಮನೆಯ ಒಡತಿಗೆ ಗೊತ್ತಾಗುವುದಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ನಮ್ಮದೇ ತಂತಿಗೆ ಸುತ್ತಲಿನ ಮನೆಗಳೆಲ್ಲ ಸೇರಿವೆಯಲ್ಲ. ನಮ್ಮ ಗಂಟೆ ಬಾರಿಸಿದರೆ ಎಲ್ಲರೂ ಎತ್ತಿ ಕಿವಿಗಿಟ್ಟುಕೊಳ್ಳುತ್ತಾರೆ. ಯುದ್ಧ ಮುಗಿದರೂ ಆ ಚಟ ಮುಗಿದಿಲ್ಲ. ಮೊನ್ನೆ ನಾನು ನಿನ್ನ ಮಿನ್ನಾ ಚಿಕ್ಕಮ್ಮನಿಗೆ ಫೋನ್ ಮಾಡಿ ಸ್ವಲ್ಪ ಯೀಸ್ಟ್ ಇದ್ದರೆ ಕೊಡೆಂದು ಕೇಳುತ್ತಿದ್ದೆ. ನಡುವೆ ಒಂದು ಗಂಡಸಿನ ದನಿ, "ಅಮೆರಿಕನ್ ಮಾತಾಡ್ರೀ!" ಎಂದಿತು. ಮಿನ್ನಾಳ ಬಾಯಿ ನಿನಗೆ ಗೊತ್ತಲ್ಲ. ಅಚ್ಚ ಇಂಗ್ಲಿಷಿನಲ್ಲೇ, "ಫೋನ್ ಇಡಪ್ಪಾ, ನಿನ್ನ ಒಲೆ ಮೇಲೆ ಹಾಲು ಸೀದು ಹೋಗ್ತಿದೆ. ಇಲ್ಲಿಗೇ ವಾಸನೆ ಬರ್ತಿದೆ" ಎಂದಳು. ಅವನು ನಿಜವಾಗಿಯೂ ಇಟ್ಟ! ಆದರೆ ಈಗ ಹೇಳಬೇಕಾದ್ದು ಆ ತಂತಿಯ ಮೇಲೆ ಹೇಳುವಂಥದ್ದಲ್ಲ.

ನಿನ್ನ ತಮ್ಮ ರೈನ್‌ಹೋಲ್ಟ್‌ನ ವಿಷಯವಾಗಿ ಸರ್ಕಾರದಿಂದ ಕಾಗದ ಬಂದಿದೆ. ಅವನನ್ನು ಫ್ರಾನ್ಸಿನ ಮಣ್ಣಿನಲ್ಲೇ, ಜೊತೆಯ ಸೈನಿಕರ ನಡುವೆ ಇರಲು ಬಿಡುತ್ತೀರೋ, ಮನೆಗೆ ಕಳಿಸಿಕೊಡಬೇಕೋ ಎಂದು ಕೇಳಿದ್ದಾರೆ. ನಿನ್ನಪ್ಪ ಓದಿ, ಮಡಿಚಿ, ಗಡಿಯಾರದ ಹಿಂದೆ ಸಿಕ್ಕಿಸಿದರು. "ಅಲ್ಲೇ ಇರ್ಲಿ ಬಿಡು. ಅಲ್ಲಿ ಅವನ ಜೊತೆ ರೊಟ್ಟಿ ಹಂಚ್ಕೊಂಡು ತಿಂದೋರು ಮಲಗಿದಾರೆ. ಇಲ್ಲಿ ಯಾರಿದಾರೆ? ಅವನು ಅಲ್ಲಿ ಗುಂಡು ತಿಂದಾಗ, ಇವರು ಇಲ್ಲಿ ನಮ್ಮ ಕೊಟ್ಟಿಗೆಗೆ ಹಳದಿ ಬಳೀತಿದ್ರು" ಎಂದರು. ಜರ್ಮನ್ ಮಾತಾಡುವವರೆಲ್ಲ ಶತ್ರುವಿನ ಕಡೆಯವರೆಂದು, ದ್ರೋಹಿಗಳ ಮನೆಗೆ ಬಳಿಯುವ ಬಣ್ಣ ಅದು. ಮೇಲೆ ಎಷ್ಟು ಸಲ ಕೆಂಪು ಹೊಡೆದರೂ ಬಿಸಿಲು ಬಿದ್ದಾಗ ಒಳಗಿನಿಂದ ಇಣುಕುತ್ತದೆ.

ನಾನು ಎದುರಾಡಲಿಲ್ಲ. ಆದರೆ ನನಗೆ ಅವನು ಬೇಕು ಎಲ್ಸ್‌ಬೆತ್. ಮೊಟ್ಟೆ ಮಾರಲು ಹೋಗುವ ದಾರಿಯಲ್ಲಿ, ಚರ್ಚಿನ ಹಿಂದೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇಕು. ಕಳೆ ಕೀಳಲು ಒಂದಿಷ್ಟು ಜಾಗ ಬೇಕು. ಬ್ರೆಡ್ ಬೇಯಿಸಿದ ದಿನ ಮೊದಲ ಗಟ್ಟಿ ತುದಿಯನ್ನು ಈಗಲೂ ಅವನಿಗೆಂದು ಕತ್ತರಿಸಿ ಪಕ್ಕಕ್ಕಿಡುತ್ತೇನೆ. ಮರುದಿನ ಕೋಳಿಗಳಿಗೆ ಹಾಕುತ್ತೇನೆ. ನಿನ್ನಪ್ಪ ನೋಡಿಯೂ ನೋಡದ ಹಾಗಿರುತ್ತಾರೆ.

ಹೋದ ಭಾನುವಾರ ಊರಿನ ಸಮಿತಿಯವರು ಬಂದರು. ಗೋಧಿ ಗೋದಾಮಿನ ಪಿಕೆಟ್ ಮತ್ತು ಇನ್ನಿಬ್ಬರು, ಟೋಪಿ ಕೈಯಲ್ಲಿ ಹಿಡಿದು. ಅಡುಗೆಮನೆಯಲ್ಲೇ ಕೂತರು. ಕಾಫಿ ಕೊಟ್ಟೆ, ಪ್ಲಮ್ ಹಣ್ಣಿನ ಕೇಕ್ ಕೊಟ್ಟೆ.

ಪಿಕೆಟ್ ಶುರು ಮಾಡಿದ: "ನೋಡಿ ಬ್ರಾಂಡ್‌ಹಾರ್ಸ್ಟ್, ನಿಮ್ಮ ಹುಡುಗ ಅಂದ್ರೆ ಊರಿನ ಹುಡುಗ. ಬ್ಯಾಂಡು, ಬಾವುಟ, ಬಂದೂಕಿನ ಮರ್ಯಾದೆ, ಎಲ್ಲಾ ನಮ್ಮ ಜವಾಬ್ದಾರಿ."

"ಹಳದಿ ಬಣ್ಣ ಯಾರ ಜವಾಬ್ದಾರಿ?" ಎಂದರು ನಿನ್ನಪ್ಪ.

ಪಿಕೆಟ್ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ. ಆಮೇಲೆ, "ಆಗಿದ್ದು ಆಗೋಯ್ತು. ಒಂದೇ ಒಂದು ಮಾತು. ಸಮಾಧಿ ಹತ್ರ ಏನಿದ್ರೂ ಇಂಗ್ಲಿಷ್‌ನಲ್ಲೇ ಆಗ್ಬೇಕು. ಪಾದ್ರಿಗಳೂ ಒಪ್ಪಿದಾರೆ" ಎಂದ.

"ಹಂಗಾದ್ರೆ ಅವನು ಬರೋದೇ ಬೇಡ."

ನಿನ್ನಪ್ಪನ ಹಟ ಯಾಕೆಂದು ನಿನಗೆ ಹೇಳಬೇಕಿಲ್ಲ. ನಮ್ಮಲ್ಲಿ ಸತ್ತವರ ಬದುಕನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ ಮೇಲೆ ತಾನೇ ಮಣ್ಣು ಹಾಕುವುದು? ಎಲ್ಲಿ ಹುಟ್ಟಿದ, ಜ್ಞಾನಸ್ನಾನದಲ್ಲಿ ಯಾರು ಎತ್ತಿಕೊಂಡರು, ಯಾವ ಕೆಲಸದಲ್ಲಿ ಕೈ ಕುದುರಿತು, ಎಲ್ಲ. ಓದದೆ ಮಣ್ಣು ಮಾಡಿದರೆ ಅದು ಆಲೂಗೆಡ್ಡೆ ಹೂತ ಹಾಗೆ ಎನ್ನುತ್ತಾರೆ ಅಜ್ಜಿ. ಅವನ ಬದುಕಿನ ಅರ್ಧದಷ್ಟು ಮಾತುಗಳಿಗೆ ಇಂಗ್ಲಿಷ್ ನನಗೆ ಗೊತ್ತೂ ಇಲ್ಲ.

ಒಲೆಯ ಪಕ್ಕ ಕೂತಿದ್ದ ಅಜ್ಜಿ, "ಏನಂತೆ? ಏನಂತಾರೆ ಅವರು?" ಎಂದು ಶುರು ಮಾಡಿದರು. ಕಿವಿ ಪೂರ್ತಿ ಹೋಗಿದೆ ಈಗ. ನಿನ್ನಪ್ಪ ಅವರ ಕಿವಿಯ ಹತ್ತಿರ ಬಾಯಿಟ್ಟು, ಸಮಿತಿಯವರ ಎದುರೇ, ನಮ್ಮ ಭಾಷೆಯಲ್ಲಿ ಕೂಗಿ ಹೇಳಿದರು. ಮೂವರಲ್ಲಿ ಒಬ್ಬ ಬಾಗಿಲ ಕಡೆ ನೋಡಿದ. ಅಜ್ಜಿ ನಕ್ಕೇಬಿಟ್ಟರು.

"ಅಯ್ಯೋ ಪೆದ್ದ, ಪಾದ್ರಿ ಯಾವ ಭಾಷೇಲಿ ಬಾಯಿ ಆಡಿಸ್ತಾನೆ ಅಂತ ನಂಗೇನಾದ್ರೂ ಗೊತ್ತಾಗತ್ತೇನೋ? ಸಮಾಧಿ ಹತ್ರ ಅವರು ಬೇಕಾದ್ದು ಕೂಗ್ಕೊಳ್ಳಿ. ನೀನು ಮೊದ್ಲು ನನ್ನ ಹುಡುಗನ್ನ ಮನೆಗೆ ತರ್ಸು. ಅವನ ಬದುಕನ್ನ ನಾವು ಇಲ್ಲೇ, ಒಳಕೋಣೇಲಿ ಓದೋಣ. ಮತ್ತೆ ಆ ದಪ್ಪನವನಿಗೆ ಇನ್ನೊಂದು ತುಂಡು ಕೇಕ್ ಕೊಡ್ರೇ. ತಿನ್ನೋವಾಗ ಅದ್ಯಾವ ದೇಶದ್ದು ಅಂತ ಅವನು ಕೇಳ್ಲಿಲ್ಲ."

"ಏನಂದ್ರು?" ಎಂದ ಪಿಕೆಟ್.

"ನಿಮಗೆ ಇನ್ನೊಂದು ತುಂಡು ಬೇಕಾ ಅಂತ" ಎಂದೆ ನಾನು.

ಅವನು ತಟ್ಟೆ ಮುಂದೆ ಚಾಚಿದ. ನಿನ್ನಪ್ಪನ ಮೀಸೆಯಡಿ ನಗು ಬಂದದ್ದನ್ನು ನಾನು ಎಷ್ಟೋ ಕಾಲದ ಮೇಲೆ ನೋಡಿದೆ. ಅವರು ಹೋದ ಮೇಲೆ ಗಡಿಯಾರದ ಹಿಂದಿನ ಕಾಗದ ತೆಗೆದು, ಕಳಿಸಿಕೊಡಿ ಎಂದು ಬರೆದು ಸಹಿ ಹಾಕಿದರು. ಬೇಸಿಗೆಗೋ ಆಮೇಲೋ ಬರಬಹುದಂತೆ. ತಂತಿ ಕಳಿಸುತ್ತಾರೆ. ಒಂದು ರಾತ್ರಿ ಅವನು ಒಳಕೋಣೆಯಲ್ಲಿ ಇರುತ್ತಾನೆ.

ಈಗ ನಾನು ಕೇಳಬೇಕೆಂದಿರುವುದನ್ನು ಕೇಳುತ್ತೇನೆ. ನೀನು ಬಂದು ಓದಬೇಕು. ಮನೆಯೊಳಗಾದರೂ ಜರ್ಮನ್ ಓದಲು ಪಾದ್ರಿಗೆ ಧೈರ್ಯವಿಲ್ಲ. ನಿನ್ನಪ್ಪ ಎರಡು ಸಾಲು ಓದುವುದರಲ್ಲಿ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ನಮ್ಮ ಚರ್ಚಿನ ಶಾಲೆಯಲ್ಲಿ ನಿನ್ನಷ್ಟು ಸ್ಪಷ್ಟವಾಗಿ ಓದುವವರು ಇರಲಿಲ್ಲ. ಆ ಶಾಲೆ ಮುಚ್ಚಿ ಈಗ ಅಲ್ಲಿ ಜೋಳದ ಮೂಟೆ ಇಡುತ್ತಾರೆ. ಅವನ ಬದುಕನ್ನು ಬರೆಯುತ್ತಿದ್ದೇನೆ: ಹಿಮ ಬಾಗಿಲು ಮುಚ್ಚಿದ ದಿನ ಹುಟ್ಟಿದ್ದು, ನಿನ್ನ ಲಂಗ ಹಿಡಿದು ನಡೆಯಲು ಕಲಿತದ್ದು, ಕುದುರೆಗಳಿಗೆ ಹೆದರುತ್ತಿದ್ದವನು ಕೊನೆಗೆ ಅವುಗಳ ಜೊತೆಯೇ ಮಲಗುತ್ತಿದ್ದದ್ದು. ಹೊರಡುವ ಹಿಂದಿನ ಸಂಜೆ ನೀವಿಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಕತ್ತಲಾಗುವವರೆಗೆ ಮಾತಾಡಿದಿರಲ್ಲ, ಅದು ನನಗೆ ಗೊತ್ತಿಲ್ಲ. ಅಲ್ಲಿ ಜಾಗ ಬಿಟ್ಟಿದ್ದೇನೆ. ನೀನೇ ತುಂಬಬೇಕು.

ದೇವರು ನಿನ್ನ ಮನೆಯನ್ನು ಬೆಚ್ಚಗಿಡಲಿ. ಡೊರಥಿಯ ಹಣೆಗೆ ನನ್ನದೊಂದು ಮುತ್ತು. ತೊಟ್ಟಿಲಲ್ಲಿ ನೋಡಿದ್ದಷ್ಟೇ, ಈಗ ಓಡಾಡುತ್ತಿರಬೇಕು.

ನಿನ್ನ ಅಮ್ಮ,
ಒಟೀಲಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಹೋದ ತಿಂಗಳು ಒಮಾಹಾಕ್ಕೆ ಹೋಗಿದ್ದ ಮಿನ್ನಾ ನಿಮ್ಮ ಮನೆಗೂ ಬಂದಿದ್ದಳು, ನಾನು ಕೊಟ್ಟ ಸಾಸೇಜ್ ತಲುಪಿಸಲು. ನೀನಿರಲಿಲ್ಲ. ಮನೆಯೊಡತಿ ಡೊರಥಿಯ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳಂತೆ. "ಪಾಪ, ಆ ಹುಡುಗೀಗೆ ತವರು ಅಂತ ಯಾರೂ ಇಲ್ಲ. ಅಪ್ಪ ಅಮ್ಮ ಇಬ್ರೂ ಹಾಲೆಂಡಲ್ಲೇ ತೀರಿಕೊಂಡ್ರಂತೆ" ಎಂದಳಂತೆ. ಮಗುವೂ ಹೌದೆಂದು ತಲೆಯಾಡಿಸಿತಂತೆ. ಮಿನ್ನಾ ನನಗೊಬ್ಬಳಿಗೇ ಹೇಳಿದ್ದಾಳೆ. ನಿನ್ನಪ್ಪನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ನನಗೆ ಕೋಪವಿಲ್ಲ ಮಗಳೇ. ಜರ್ಮನರೆಂದು ಹೇಳಿದರೆ ಬಾಡಿಗೆಗೆ ಮನೆ ಸಿಗುವುದಿಲ್ಲವಲ್ಲ. ಬಂದು ಓದಲು ಆಗದಿದ್ದರೆ, ಮನೆಯೊಳಗೆ ಕಾಲಿಡಲೂ ಆಗದಿದ್ದರೆ, ಸಮಾಧಿಯ ಹತ್ತಿರವಾದರೂ ಬಾ. ಬೇರೆ ಊರುಗಳಿಂದ ತುಂಬ ಜನ ಬರುತ್ತಾರೆ. ಮುಖದ ಮೇಲೆ ಬಲೆ ಇಳಿಬಿಟ್ಟ ಟೋಪಿ ಹಾಕಿಕೊಂಡು ಅವರ ಜೊತೆ ನಿಂತುಕೋ. ನಾನು ಹೆಸರು ಹಿಡಿದು ಕರೆಯುವುದಿಲ್ಲ. ಡೊರಥಿಯನ್ನು ಕರೆತಾ. ಅಲ್ಲಿ ಒಬ್ಬಳು ಮುದುಕಿ ಯಾಕೆ ಅಳುತ್ತಿದ್ದಾಳೆ ಎಂದು ಮಗು ಕೇಳಿದರೆ, ಅವಳ ಮಗ ತೀರಿಕೊಂಡ ಎಂದು ಹೇಳು. ಅಷ್ಟು ಹೇಳಿದರೆ ಸುಳ್ಳಾಗುವುದಿಲ್ಲ.